ತೂಕ ಬಂತು, ಬಲ ಬರಲಿಲ್ಲ

2022ರ ಮೇ ತಿಂಗಳು. ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಛತ್ರದಲ್ಲಿ ಮೇಜು-ಕುರ್ಚಿಗಳಿದ್ದರೂ ಹುಡುಗಿಯ ತಾತನ ಹಟದಿಂದ ಒಂದು ಪಂಕ್ತಿಯನ್ನು ನೆಲದ ಮೇಲೆಯೇ ಹಾಕಿದ್ದರು. ನಾನು ಅದರಲ್ಲೇ ಕುಳಿತೆ. ನನ್ನ ಕ್ಯಾನ್ಸರ್ ಚಿಕಿತ್ಸೆ ಮುಗಿದು ಆಗ ನಾಲ್ಕು ತಿಂಗಳಾಗಿತ್ತು. ಎದುರಿಗೆ ಬಂದವರದೆಲ್ಲ ಒಂದೇ ಮಾತು: 'ಪರವಾಗಿಲ್ಲ ಮೇಷ್ಟ್ರೆ, ಚೆನ್ನಾಗಿ ಮೈ ತುಂಬ್ಕೊಂಡಿದೀರಿ!' ನನಗೂ ಒಳಗೊಳಗೇ ಹಿಗ್ಗು. ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡೆ.

ಪಂಕ್ತಿ ಎದ್ದಿತು. ನಾನು ಏಳಲಿಲ್ಲ, ಏಳಲು ಆಗಲಿಲ್ಲ ಎನ್ನುವುದೇ ಸರಿ. ಎಡಗೈ ಊರಿದೆ, ಮಂಡಿ ಮಡಿಸಿದೆ, ಸೊಂಟ ನೆಲದಿಂದ ಒಂದು ಗೇಣು ಮೇಲಕ್ಕೆ ಬಂದು ಮತ್ತೆ ಕುಸಿಯಿತು. ಎಲೆ ಎತ್ತುವವರು ಬಂದು ನಿಂತರು. ಕೊನೆಗೆ ಬಡಿಸುತ್ತಿದ್ದ ಹುಡುಗರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳೇ ಓಡಿ ಬಂದು 'ನಿಧಾನ ಸಾರ್, ನಿಧಾನ' ಎನ್ನುತ್ತಾ ಎರಡೂ ರಟ್ಟೆಗೆ ಕೈಕೊಟ್ಟು ಎತ್ತಿ ನಿಲ್ಲಿಸಿದರು. ಕಾಲೇಜಿನ ದಿನಗಳಲ್ಲಿ ಐವತ್ತು ಕಿಲೋ ಭತ್ತದ ಮೂಟೆ ಹೊತ್ತವನು ನಾನು. ಕೈತೊಳೆಯುವ ನಲ್ಲಿಯವರೆಗೆ ನಡೆಯುವಷ್ಟರಲ್ಲಿ ಕಣ್ಣು ತುಂಬಿ ಬಂದಿತ್ತು.

ಮೈ ತುಂಬಿಕೊಂಡ ಮನುಷ್ಯ ನೆಲದಿಂದ ಏಳಲಾರ ಎಂದರೆ, ಮೈ ಯಾವುದರಿಂದ ತುಂಬಿತ್ತು? ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಬೇಕಿತ್ತು.

ನನಗಾಗಿದ್ದು ದೊಡ್ಡ ಕರುಳಿನ ಕ್ಯಾನ್ಸರ್. 2021ರಲ್ಲಿ ಶಸ್ತ್ರಚಿಕಿತ್ಸೆ, ಆಮೇಲೆ ಮೂರು ವಾರಕ್ಕೊಂದರಂತೆ ಎಂಟು ಸುತ್ತು ಕೀಮೋಥೆರಪಿ. ಬಾಯಿ ಹುಣ್ಣು, ವಾಕರಿಕೆ. ಅನ್ನಕ್ಕೆ ತುಕ್ಕಿನ ರುಚಿ. ತಣ್ಣೀರು ಮುಟ್ಟಿದರೆ ಬೆರಳಿಗೆ ವಿದ್ಯುತ್ ಹೊಡೆದಂತೆ ಜುಮ್ಮೆನ್ನುವುದು. 66 ಕಿಲೋ ಇದ್ದವನು 53ಕ್ಕೆ ಇಳಿದೆ. ಚಿಕಿತ್ಸೆ ಮುಗಿದ ಮೇಲೆ ಮನೆಯವರು ಪಣ ತೊಟ್ಟರು. ಗಂಜಿಗೆ ತುಪ್ಪ, ಹಾಲಿಗೆ ಮಾಲ್ಟ್ ಪುಡಿ, ಎಳನೀರು, ಗ್ಲೂಕೋಸು, ಹಣ್ಣಿನ ರಸ, ಬ್ರೆಡ್ಡು, ಬಿಸ್ಕತ್ತು. 'ಏಳ್ಬೇಡಿ ರೀ, ಏನ್ ಬೇಕೋ ಅಲ್ಲಿಗೇ ತಂದ್ಕೊಡ್ತೀನಿ' ಎನ್ನುವುದು ನನ್ನಾಕೆಯ ಮಾತು. ಟಿ.ವಿ. ಮುಂದಿನ ಮಂಚವೇ ನನ್ನ ಲೋಕ. ಅಕ್ಕರೆಯಲ್ಲಿ ಕೊರತೆಯಿರಲಿಲ್ಲ. ನಾಲ್ಕು ತಿಂಗಳಲ್ಲಿ ತಕ್ಕಡಿ 62 ತೋರಿಸಿತು. ಆದರೆ ಹಳೆಯ ಪ್ಯಾಂಟು ಹಾಕಿದಾಗ ಒಂದು ವಿಚಿತ್ರ: ಸೊಂಟದ ಗುಂಡಿ ಕೂಡಿಸಲು ಆಗದು, ತೊಡೆಯ ಹತ್ತಿರ ಮಾತ್ರ ಬಟ್ಟೆ ಜೋಲಾಡುತ್ತದೆ. ಉತ್ತರ ಅಲ್ಲೇ ಇತ್ತು. ನಾನು ನೋಡಲಿಲ್ಲ.

ದೇಹದ ಉಳಿತಾಯ ಖಾತೆ

ಹೈಸ್ಕೂಲು ಪುಸ್ತಕದಲ್ಲಿ ಮಾಂಸಖಂಡ ಎಂದರೆ ಮೂಳೆಯನ್ನು ಎಳೆಯುವ ಹಗ್ಗ ಎಂಬಷ್ಟೇ ಚಿತ್ರ. ಅದಕ್ಕೆ ಇನ್ನೊಂದು ಕೆಲಸವಿದೆ. ಆರೋಗ್ಯವಂತ ಗಂಡಸಿನ ತೂಕದಲ್ಲಿ ಶೇಕಡಾ 40ರಷ್ಟು ಮಾಂಸಖಂಡವೇ. ದೇಹಕ್ಕೆ ಕೊಬ್ಬನ್ನು ಕೂಡಿಡಲು ಪ್ರತ್ಯೇಕ ಅಂಗಾಂಶವಿದೆ, ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಇಡಲು ಪಿತ್ತಜನಕಾಂಗವಿದೆ. ಪ್ರೋಟೀನಿಗೆ ಅಂಥ ಬೇರೆ ಉಗ್ರಾಣ ಇಲ್ಲ. ಮಾಂಸಖಂಡವೇ ಉಗ್ರಾಣ. ಗಾಯ ಮಾಯಬೇಕು, ಸೋಂಕಿನೊಂದಿಗೆ ಸೆಣಸಬೇಕು, ಹೊಸ ರಕ್ತಕಣ ಬೇಕು ಎಂದಾಗ ಊಟದಿಂದ ಪ್ರೋಟೀನು ಬರದಿದ್ದರೆ ದೇಹ ತೊಡೆ, ತೋಳುಗಳ ಸ್ನಾಯುಗಳನ್ನು ಒಡೆದು ಅಮೈನೋ ಆಮ್ಲಗಳನ್ನು ತೆಗೆದುಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ನನ್ನ ದೇಹ ಮಾಡಿದ್ದು ಅದನ್ನೇ, ಅದು ಜಾಣತನವೇ. ತೆಗೆದ ಹಣವನ್ನು ಮರಳಿ ಕಟ್ಟದೇ ಇದ್ದದ್ದು ನನ್ನ ತಪ್ಪು.

ಲೆಕ್ಕ ನೋಡಿ. ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರು, ಸುಮಾರು ಐದನೇ ಒಂದು ಭಾಗ ಪ್ರೋಟೀನು. ಒಂದು ಕಿಲೋ ಸ್ನಾಯು ಕಟ್ಟಲು ದಿನನಿತ್ಯದ ರಿಪೇರಿ ಖರ್ಚು ಕಳೆದು 200 ಗ್ರಾಂ ಪ್ರೋಟೀನು ಮಿಗಬೇಕು. ತುಪ್ಪ, ಸಕ್ಕರೆ, ಗ್ಲೂಕೋಸುಗಳಲ್ಲಿ ಅದು ಎಲ್ಲಿಂದ ಬರಬೇಕು? ಅವು ಕೊಡುವುದು ಶಕ್ತಿ. ಬಳಸದ ಶಕ್ತಿ ಹೊಟ್ಟೆಯ ಸುತ್ತ ಕೊಬ್ಬಾಗಿ ಕೂರುತ್ತದೆ.

ಇದು ನನ್ನೊಬ್ಬನ ಕಥೆಯಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಅಪರೂಪದ ಪ್ರಯೋಗ ನಡೆಸಿದರು. ಸೈನ್ಯಕ್ಕೆ ಸೇರಲು ಒಲ್ಲದ 36 ಮಂದಿ ಯುವಕರು ತಾವಾಗಿಯೇ ಮುಂದೆ ಬಂದು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿದ್ದರು. ಯುದ್ಧದಿಂದ ಕಂಗೆಟ್ಟ ಯುರೋಪಿನ ಹಸಿದವರನ್ನು ಮತ್ತೆ ಹೇಗೆ ಪೋಷಿಸಬೇಕೆಂದು ತಿಳಿಯುವುದು ಉದ್ದೇಶ. ಅವರ ತೂಕದ ಕಾಲು ಭಾಗ ಇಳಿಯಿತು. ಮತ್ತೆ ಊಟ ಕೊಟ್ಟಾಗ ಮೊದಲು ಮರಳಿದ್ದು ಕೊಬ್ಬು. ಅದು ಹಳೆಯ ಮಟ್ಟವನ್ನೂ ದಾಟಿ ಹೋಯಿತು. ಸ್ನಾಯು ಹಿಂದೆ ಬಿದ್ದು ನಿಧಾನವಾಗಿ ಬಂತು. ಅವರು ಇಪ್ಪತ್ತು-ಮೂವತ್ತರ ಆರೋಗ್ಯವಂತ ಹುಡುಗರು. ಐವತ್ತು ದಾಟಿದ, ವಿಷದಂಥ ಔಷಧ ಉಂಡ ದೇಹದ ಪಾಡೇನು!

ಮಲಗಿರುವುದು ಈ ಹಳ್ಳವನ್ನು ಇನ್ನಷ್ಟು ಆಳ ಮಾಡುತ್ತದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಅರವತ್ತು ದಾಟಿದ 12 ಮಂದಿ ಆರೋಗ್ಯವಂತರನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದರು. ರೋಗವಿಲ್ಲ, ಊಟಕ್ಕೆ ಕೊರತೆಯಿಲ್ಲ. ಆದರೂ ಕಾಲುಗಳಿಂದಲೇ ಸರಾಸರಿ ಒಂದು ಕಿಲೋದಷ್ಟು ಕೊಬ್ಬಲ್ಲದ ಅಂಗಾಂಶ ಕರಗಿತ್ತು. ನಾನು ಮಲಗಿದ್ದು ನಾಲ್ಕು ತಿಂಗಳು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಕೀಮೋಥೆರಪಿಯ ಜೊತೆ ವಾಂತಿ ತಡೆಯಲು ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಕೊಡುವುದುಂಟು. ಜಿಮ್ ಹುಡುಗರು ಕದ್ದು ಚುಚ್ಚಿಕೊಳ್ಳುವ ಸ್ಟೀರಾಯ್ಡೇ ಬೇರೆ, ಇದೇ ಬೇರೆ. ಇದು ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ಬೇಕಾದಾಗ ತೊಡೆಯ, ಭುಜದ ಸ್ನಾಯುಗಳನ್ನು ಸವೆಸುತ್ತದೆ, ಮುಖವನ್ನು ಮಾತ್ರ ದುಂಡಗೆ ಮಾಡುತ್ತದೆ. ಕಾಲಿಗೆ ನೀರು ತುಂಬಿಕೊಂಡರೂ ತಕ್ಕಡಿ ಮೇಲೇರುತ್ತದೆ. ತಕ್ಕಡಿಗೆ ಸ್ನಾಯು, ಕೊಬ್ಬು, ನೀರು ಎಲ್ಲ ಒಂದೇ.

ಭಾವನವರಿಗೆ ನಾನು ಆಡಿದ ಮಾತು

ಇನ್ನೊಂದು ವಿಷಯ ಹೇಳದೆ ಮುಂದೆ ಹೋದರೆ ಮೋಸವಾಗುತ್ತದೆ. 1998ರಲ್ಲಿ ನಮ್ಮ ಭಾವನವರು, ಅಕ್ಕನ ಯಜಮಾನರು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ಮೂರು ತಿಂಗಳು ಆ ಮನೆಯಲ್ಲಿ ಊಟದ ಹೊತ್ತೆಂದರೆ ಜಗಳ. ಅಕ್ಕ ತಟ್ಟೆ ಹಿಡಿದು ಅಂಗಲಾಚುವಳು, ಅವರು ಗೋಡೆಯ ಕಡೆ ತಿರುಗುವರು. ತಿಂದ ದಿನವೂ ಇಳಿಯುತ್ತಲೇ ಹೋದರು. ಒಂದು ದಿನ ನಾನು ರೇಗಿಬಿಟ್ಟೆ: 'ಅಕ್ಕನ ಮುಖ ನೋಡಿಯಾದರೂ ನಾಲ್ಕು ತುತ್ತು ತಿನ್ನಬಾರದೇ? ನೀವು ಮನಸ್ಸು ಮಾಡ್ತಿಲ್ಲ ಭಾವ.' ಅವರು ಏನೂ ಹೇಳಲಿಲ್ಲ.

ಅದು ಮನಸ್ಸಿನ ಮಾತಾಗಿರಲಿಲ್ಲ ಎಂದು ನನಗೆ ತಿಳಿದದ್ದು ತೀರ ತಡವಾಗಿ. ಕೆಲವು ಕ್ಯಾನ್ಸರುಗಳಲ್ಲಿ ದೇಹದೊಳಗೆ ಉರಿಯೂತದ ರಾಸಾಯನಿಕಗಳು ಹರಡಿ ಹಸಿವನ್ನು ಅಡಗಿಸುತ್ತವೆ, ಸ್ನಾಯುವನ್ನು ಒಡೆಯಲು ಆದೇಶ ಕೊಡುತ್ತವೆ. ಹೀಗೆ ಸೊರಗುವುದಕ್ಕೆ ವೈದ್ಯರು 'ಕ್ಯಾಕೆಕ್ಸಿಯ' ಎನ್ನುತ್ತಾರೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಬಾಯ್ಟ್ಲರ್ ಮತ್ತು ಆಂಥೊನಿ ಸೆರಾಮಿ ಇಂಥದ್ದೊಂದು ವಸ್ತುವನ್ನು ಬೇರ್ಪಡಿಸಿದ್ದರು. ಸೊರಗಿಸುವ ಗುಣಕ್ಕಾಗಿ ಅದಕ್ಕೆ 'ಕ್ಯಾಕೆಕ್ಟಿನ್' ಎಂದೇ ಹೆಸರು. ಗೆಡ್ಡೆಯ ಕೋಶಗಳನ್ನು ಕೊಲ್ಲುತ್ತದೆಂದು 1975ರಲ್ಲಿ ಬೇರೊಂದು ತಂಡ ಗುರುತಿಸಿದ್ದ 'ಟಿಎನ್ಎಫ್' ಎಂಬ ವಸ್ತುವೂ ಇದೂ ಒಂದೇ ಎಂದು 1985ರಲ್ಲಿ ತಿಳಿದು ಎಲ್ಲರೂ ಬೆರಗಾದರು. ಇಂಥ ವಸ್ತುಗಳು ಇನ್ನೂ ಹಲವಿವೆ. 2011ರಲ್ಲಿ ತಜ್ಞರು ಒಪ್ಪಿಕೊಂಡ ವ್ಯಾಖ್ಯೆಯಲ್ಲಿಯೇ, ಈ ಬಗೆಯ ಸೊರಗುವಿಕೆ ಬರೀ ಊಟದಿಂದ ಪೂರ್ತಿ ಹಿಂದಿರುಗದು ಎಂಬ ಮಾತಿದೆ. ಜಿಡಿಎಫ್-15 ಎಂಬ ಇನ್ನೊಂದು ವಸ್ತುವನ್ನು ತಡೆಯುವ ಚುಚ್ಚುಮದ್ದಿನ ಪ್ರಯೋಗದಲ್ಲಿ ರೋಗಿಗಳ ತೂಕ ಏರಿತೆಂದು 2024ರಲ್ಲಿ ವರದಿಯಾಗಿದೆ.

ಆದ್ದರಿಂದ ಚಿಕಿತ್ಸೆ ಮುಗಿದು, ರೋಗ ಹಿಡಿತಕ್ಕೆ ಬಂದ ಮೇಲಿನ ನಿಶ್ಶಕ್ತಿಯೇ ಬೇರೆ, ರೋಗ ಒಳಗೆ ಉರಿಯುತ್ತಿರುವಾಗಿನ ಸೊರಗುವಿಕೆಯೇ ಬೇರೆ. ಚಿಕಿತ್ಸೆಯ ನಂತರವೂ ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ, ಅಡುಗೆಮನೆಗಲ್ಲ. ಅಪ್ಪನೋ ಅಜ್ಜಿಯೋ ತಟ್ಟೆ ದೂಡಿದರೆ ಗದರಿಸಬೇಡಿ. ಭಾವನವರಿಗೆ ಆ ಮಾತು ಆಡಿದ್ದು ನನಗೆ ಈಗಲೂ ರಾತ್ರಿ ಹೊತ್ತು ನೆನಪಾಗುತ್ತದೆ.

ನಂಜು, ವಾಯು ಮತ್ತು ಪ್ರೋಟೀನು

ಮದುವೆಯ ಮರುವಾರ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ರೋಗ ಮರಳಿರಲಿಲ್ಲ. ಬಿದ್ದ ಕಥೆ ಹೇಳಿದಾಗ ವೈದ್ಯರು ಪಥ್ಯತಜ್ಞೆಯೊಬ್ಬರ ಹತ್ತಿರ ಕಳಿಸಿದರು. ನನ್ನ ಮಗಳ ವಯಸ್ಸಿನವರು. ಹಿಂದಿನ ದಿನ ತಿಂದದ್ದನ್ನೆಲ್ಲ ಬರೆಸಿಕೊಂಡು ಕೂಡಿಸಿದರು: ಪ್ರೋಟೀನು 42 ಗ್ರಾಂ. ಆರೋಗ್ಯವಂತರಿಗೇ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಬೇಕೆಂದು ನಮ್ಮ ದೇಶದ ಶಿಫಾರಸು. ಕ್ಯಾನ್ಸರ್ ಕಂಡವರಿಗೆ ಒಂದು ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ ಒಂದೂವರೆ ಗ್ರಾಂ ಎಂದು ಯುರೋಪಿನ ಪೋಷಣಾ ತಜ್ಞರ ಸಂಘದ ಸೂಚನೆ. ನನ್ನ ಮಟ್ಟಿಗೆ 75ರಿಂದ 90 ಗ್ರಾಂ. ನಾನು ಅರ್ಧ ದಾರಿಯಲ್ಲಿದ್ದೆ. (ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಈ ಲೆಕ್ಕವನ್ನು ತಾವೇ ಹಾಕಿಕೊಳ್ಳಬಾರದು.)

'ಬೇಳೆಕಾಳು ಯಾಕೆ ಬಿಟ್ಟಿರಿ?' ಎಂದರು. ನನ್ನಾಕೆ ಸಂಕೋಚದಿಂದ ಹೇಳಿದಳು: 'ಆಪರೇಷನ್ ಆದೋರಿಗೆ ನಂಜು ಅಂತಾರಲ್ಲ...' ನಮ್ಮ ಕಡೆ ಗಾಯವಿದ್ದವರಿಗೆ ಮೊಟ್ಟೆ, ಕಡಲೆಕಾಯಿ ನಂಜು, ಹುರುಳಿ ಉಷ್ಣ, ಅವರೆ, ಅಲಸಂದೆ ವಾಯು, ಮೊಸರು ಶೀತ. ಹಿರಿಯರು ಕಾಳಜಿಯಿಂದಲೇ ಹೇಳಿದ ಮಾತುಗಳು. ಆದರೆ ಈ ಪಟ್ಟಿಯನ್ನು ಒಂದು ಸಲ ವಿಜ್ಞಾನದ ಕಣ್ಣಿನಿಂದ ಓದಿ. ಬಡವರ ಮನೆಯಲ್ಲಿ ಪ್ರೋಟೀನು ಇರುವ ಪದಾರ್ಥಗಳೆಲ್ಲ ಅದರಲ್ಲೇ ಇವೆ! ಎಲ್ಲ ತೆಗೆದ ಮೇಲೆ ಉಳಿಯುವುದು ಗಂಜಿ. ಒಂದು ಹಿಡಿ ಅಕ್ಕಿಯ ಗಂಜಿಯಲ್ಲಿರುವುದು ಎರಡು ಗ್ರಾಂ ಪ್ರೋಟೀನು.

ಆ ಹುಡುಗಿ ದುಬಾರಿ ಡಬ್ಬಿ ಬರೆದುಕೊಡಲಿಲ್ಲ. ಬಾಯಿ ಹುಣ್ಣಿನಿಂದ ನುಂಗಲಾಗದವರಿಗೆ ಅಂಥ ಪುಡಿಗಳು ಆಸರೆ, ನಿಮಗೆ ಹಲ್ಲಿದೆಯಲ್ಲ ಎಂದು ನಕ್ಕರು. ಬೆಳಿಗ್ಗೆ ಎರಡು ಮೊಟ್ಟೆ ಎಂದರೆ 12 ಗ್ರಾಂ. (ಮೊಟ್ಟೆಗಾಗಿ ನಮ್ಮ ಮನೆಯಲ್ಲಿ ಹಿತ್ತಲ ಕಡೆ ಬೇರೆ ಒಲೆ, ಬೇರೆ ಪಾತ್ರೆ ಬಂದ ಕಥೆ ಇನ್ನೊಮ್ಮೆ ಹೇಳುತ್ತೇನೆ.) ದಿನಕ್ಕೆ ಎರಡು ಲೋಟ ಹಾಲಿನಿಂದ 13. ಮಧ್ಯಾಹ್ನ ರಾಗಿಮುದ್ದೆಗೆ ಐವತ್ತು ಗ್ರಾಂ ಹುರುಳಿಕಾಳು. ಬಸಿದ ಕಟ್ಟಿನ ಜೊತೆ ಕಾಳನ್ನೂ ತಿಂದರೆ 11. ಸಂಜೆ ಬಿಸ್ಕತ್ತಿನ ಬದಲು ಒಂದು ಹಿಡಿ ಬೇಯಿಸಿದ ಕಡಲೆಕಾಯಿ. ರಾತ್ರಿ ತಿಳಿಸಾರಿನ ಬದಲು ಗಟ್ಟಿ ತೊಗರಿಬೇಳೆ, ಚಪಾತಿ, ಮೊಸರು. ಅಂಗಡಿಯವರು ಮೀಲ್‌ಮೇಕರ್ ಎನ್ನುವ ಸೋಯಾ ಉಂಡೆ 25 ಗ್ರಾಂ ಹಾಕಿದರೆ ಅದರಲ್ಲೇ 13 ಗ್ರಾಂ. ಮೀನು, ಕೋಳಿ ತಿನ್ನುವ ಮನೆಗಳಲ್ಲಿ ಲೆಕ್ಕ ಇನ್ನೂ ಸುಲಭ. ಒಂದೇ ಹೊತ್ತಿಗೆ ತುಂಬಿಕೊಳ್ಳದೆ ಮೂರ್ನಾಲ್ಕು ಹೊತ್ತಿಗೆ ಹಂಚಬೇಕು ಎಂಬುದು ಅವರು ಒತ್ತಿ ಹೇಳಿದ ಮಾತು. ಕಾಳನ್ನು ರಾತ್ರಿ ನೆನೆಸಿ, ಮೊದಲ ವಾರ ಎರಡೇ ಚಮಚ ತಿಂದು, ಹೊಟ್ಟೆಗೆ ಅಭ್ಯಾಸವಾಗುತ್ತಿದ್ದಂತೆ ಏರಿಸಿದೆ. ವಾಯು ಒಂದಿಷ್ಟು ಬಂತು, ಹೋಯಿತು. ಕೀಮೋ ನಡೆಯುತ್ತಿದ್ದು ಬಿಳಿ ರಕ್ತಕಣ ಕಡಿಮೆಯಿರುವಾಗ ಮಾತ್ರ ಅರೆಬೆಂದ ಮೊಟ್ಟೆ, ಕಾಯಿಸದ ಹಾಲು, ತೊಳೆಯದ ಹಸಿ ತರಕಾರಿ ಕೂಡದು.

ಸೈಕಲ್ ಟ್ಯೂಬಿನ ಪಾಠ

ಇಟ್ಟಿಗೆ ಬಂತು ಎಂದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಸ್ನಾಯುವಿಗೆ ಭಾರದ ಕೆಲಸ ಕೊಟ್ಟಾಗಲೇ ಅದು ಪ್ರೋಟೀನನ್ನು ತನ್ನೊಳಗೆ ಸೇರಿಸಿಕೊಳ್ಳುವುದು. ಸ್ನಾಯುತಂತುಗಳ ಪಕ್ಕದಲ್ಲೇ ಅಂಟಿಕೊಂಡು ಮಲಗಿರುವ ಉಪಗ್ರಹ ಕೋಶಗಳು ಎಂಬವು ಇವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಅವರು ಕಪ್ಪೆಯ ಸ್ನಾಯುವಿನಲ್ಲಿ ಇವನ್ನು ಕಂಡರು. ದುಡಿತದಿಂದ ಸ್ನಾಯುವಿಗೆ ಪೆಟ್ಟು ತಗಲಿದಾಗ ಇವು ಎಚ್ಚೆತ್ತು ರಿಪೇರಿಗೆ ಇಳಿಯುತ್ತವೆ.

ಫಿಸಿಯೋಥೆರಪಿಸ್ಟರು ಮೊದಲು ಒಂದು ಪರೀಕ್ಷೆ ಮಾಡಿದರು. ಕೈ ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ? ಅರವತ್ತು ದಾಟಿದ ಗಂಡಸರೇ 14 ಸಲವಾದರೂ ಏಳಬೇಕು. ಐವತ್ನಾಲ್ಕರ ನಾನು ಎದ್ದದ್ದು ಏಳು ಸಲ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಒಪ್ಪಿಗೆ ಪಡೆದೇ ಶುರುಮಾಡಿಸಿದರು. ಹೊಟ್ಟೆ ಕೊಯ್ದವರು ಅವಸರದಲ್ಲಿ ಭಾರ ಎತ್ತಿದರೆ ಹರ್ನಿಯಾ ಆದೀತು.

ನನ್ನ ಸಾಮಾನುಗಳು ಇಷ್ಟು: ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಒಂದೊಂದು ಕಿಲೋದ ಎರಡು ಉಪ್ಪಿನ ಪ್ಯಾಕೆಟ್ಟು, ಸೈಕಲ್ ಶಾಪಿನಿಂದ ಬಿಟ್ಟಿ ತಂದ ಹಳೆಯ ಟ್ಯೂಬು. ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಟ್ಯೂಬನ್ನು ಕಿಟಕಿ ಸರಳಿಗೆ ಸಿಕ್ಕಿಸಿ ಎಳೆಯುವುದು, ಉಪ್ಪಿನ ಪ್ಯಾಕೆಟ್ಟು ಎತ್ತುವುದು. ಹತ್ತು-ಹನ್ನೆರಡು ಸಲ ಮಾಡಿ, ಸುಧಾರಿಸಿಕೊಂಡು ಇನ್ನೊಂದು ಸುತ್ತು. ಇದು ವಾರಕ್ಕೆ ಎರಡು ದಿನ ಸಾಕು. ಮೂರು ದಿನ ಅರ್ಧ ಗಂಟೆಯ ಬಿರುಸು ನಡಿಗೆ. 2019ರಲ್ಲಿ ಅಮೆರಿಕದ ಕ್ರೀಡಾವೈದ್ಯ ಸಂಸ್ಥೆ ಕ್ಯಾನ್ಸರ್ ಗೆದ್ದವರಿಗೆ ಪ್ರಕಟಿಸಿದ ಸೂಚನೆಯೂ ಹೆಚ್ಚುಕಡಿಮೆ ಇದೇ. ಹನ್ನೆರಡು ಸಲ ಸುಲಭವಾದ ದಿನ ಭಾರ ಏರಿಸಬೇಕು. ಏರಿಸದಿದ್ದರೆ ಸ್ನಾಯು ಅಲ್ಲಿಗೇ ನಿಲ್ಲುತ್ತದೆ. ಅಕ್ಕಪಕ್ಕದವರು ಕಿಟಕಿಯಲ್ಲಿ ಇಣುಕಿ ನಕ್ಕಿದ್ದುಂಟು. ನಗಲಿ.

'ಈ ವಯಸ್ಸಿಗೆ ಇನ್ನೇನು ಸ್ನಾಯು' ಎನ್ನುವವರಿಗೆ 1990ರ ಒಂದು ಅಧ್ಯಯನ ಹೇಳುತ್ತೇನೆ. ಬಾಸ್ಟನ್ ನಗರದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಾತರೋನೆ ಎಂಬ ವೈದ್ಯೆ 86ರಿಂದ 96 ವಯಸ್ಸಿನ ಹತ್ತು ಮಂದಿ ನಿಶ್ಶಕ್ತ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟರು. ಪೂರೈಸಿದವರ ಬಲ ಸರಾಸರಿ ಶೇಕಡಾ 174 ಹೆಚ್ಚಿತು. ತೊಡೆಯ ಸ್ನಾಯು ಶೇಕಡಾ 9ರಷ್ಟು ದಪ್ಪವಾಯಿತು.

ಹೆಂಗಸರ ವಿಷಯದಲ್ಲಿ ಇನ್ನೊಂದು ಭಯ ಬಹುಕಾಲ ಇತ್ತು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆದವರಿಗೆ 'ಆ ಕೈಯಲ್ಲಿ ಭಾರ ಎತ್ತಲೇಬೇಡಿ, ಬಾವು ಬರುತ್ತದೆ' ಎಂದೇ ಹೇಳುತ್ತಿದ್ದರು. ನೀರಿನ ಕೊಡ ಎತ್ತದೆ, ಮಗುವನ್ನು ಎತ್ತಿಕೊಳ್ಳದೆ ಬದುಕಿದವರು ಎಷ್ಟೋ. ಕ್ಯಾಥರಿನ್ ಶ್ಮಿಟ್ಸ್ ಅವರ ತಂಡ ಕೈ ಬಾತಿದ್ದ 141 ಹೆಂಗಸರನ್ನು ಆರಿಸಿ, ಅರ್ಧ ಮಂದಿಗೆ ವಾರಕ್ಕೆ ಎರಡು ಸಲ ಹಂತಹಂತವಾಗಿ ಭಾರ ಎತ್ತಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿತು. ಬಾವು ಹೆಚ್ಚಲಿಲ್ಲ, ಬಲ ಹೆಚ್ಚಿತು. ಅವರು ಕೈಗೆ ಬಿಗಿ ತೋಳುಚೀಲ ಹಾಕಿಕೊಂಡು, ಬಲ್ಲವರ ಕಣ್ಣೆದುರು ಕಲಿತವರು ಎಂಬುದನ್ನು ಮರೆಯಬಾರದು. ಮೂಳೆಗೆ ರೋಗ ಹರಡಿದವರು, ರಕ್ತದಲ್ಲಿ ಪ್ಲೇಟ್‌ಲೆಟ್ಟು ತೀರ ಇಳಿದವರು, ಜ್ವರ, ಎದೆನೋವು, ಏದುಸಿರು ಇರುವವರು ವೈದ್ಯರನ್ನು ಕೇಳದೆ ಯಾವುದಕ್ಕೂ ಕೈಹಾಕಬಾರದು.

ನಮ್ಮ ಶಾಲೆಯ ಹುಡುಗರಿಗೆ ಇದನ್ನೆಲ್ಲ ಹೇಳಿದಾಗ ಅವರು ತಟ್ಟನೆ ತೆಗೆದದ್ದು ಯುವರಾಜ್ ಸಿಂಗ್ ಹೆಸರು. ಸರಿಯೇ. 2012ರ ಆರಂಭದಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕೀಮೋಥೆರಪಿ ಪಡೆದ ಆತ, ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಮೈ ಹುರಿಗೊಳಿಸಿಕೊಂಡು ಅದೇ ಸೆಪ್ಟೆಂಬರ್ 11ರಂದು ಚೆನ್ನೈನಲ್ಲಿ ನ್ಯೂಜಿಲೆಂಡ್ ವಿರುದ್ಧ ಆಡಿದರು. ಮೂವತ್ತರ ಕ್ರೀಡಾಪಟು, ಖಾತೆಯಲ್ಲಿ ಮೊದಲೇ ದುಡ್ಡಿತ್ತು. ನನಗೆ ನೆಲದಿಂದ ಏಳುವುದಕ್ಕೇ ಹನ್ನೊಂದು ವಾರ ಹಿಡಿಯಿತು. ತಕ್ಕಡಿ ಆ ಅವಧಿಯಲ್ಲಿ ಏರಿದ್ದು ಒಂದೇ ಕಿಲೋ. ಆದರೆ ದರ್ಜಿಯ ಟೇಪಿನಲ್ಲಿ ತೊಡೆಯ ಸುತ್ತಳತೆ ಮೂರು ಸೆಂಟಿಮೀಟರು ಹೆಚ್ಚಿತ್ತು, ಹೊಟ್ಟೆ ಎರಡು ಸೆಂಟಿಮೀಟರು ಇಳಿದಿತ್ತು. ಕುರ್ಚಿಯಿಂದ ಹದಿನಾಲ್ಕು ಸಲ ಎದ್ದೆ. ಬೋರ್ಡಿನ ಮೇಲ್ತುದಿಯವರೆಗೆ ಕೈಯೆತ್ತಿ ಬರೆಯುವಾಗ ಈಗ ಭುಜ ಸೋಲುವುದಿಲ್ಲ.

ಕಳೆದ ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ಬಾಗಿಲ ಬಳಿ ನಿಂತಿದ್ದಳು. 'ಸಾರ್, ನಮ್ಮಪ್ಪಂಗೂ ಟ್ರೀಟ್‌ಮೆಂಟ್ ಮುಗ್ದು ಎರಡು ತಿಂಗ್ಳಾಯ್ತು. ಕಾಯಿಲೆ ವಾಸಿ ಅಂದವ್ರೆ. ಮಂಚದಿಂದ ಎದ್ದೇ ಏಳಲ್ಲ.' ಭಾನುವಾರ ಅವರ ಮನೆಗೆ ಹೋದೆ. ಅವಳ ಅಜ್ಜಿ ನನ್ನನ್ನು ಗುಮಾನಿಯಿಂದಲೇ ನೋಡಿದರು. 'ಸತ್ತು ಬದುಕೌನೆ ಮೇಷ್ಟ್ರೆ, ಅವನ್ನ ದಣಿಸ್ಬ್ಯಾಡಿ' ಎಂದರು. ನಾನು ವಾದ ಮಾಡಲಿಲ್ಲ. ಮದುವೆ ಮನೆಯ ಕಥೆ ಹೇಳಿ, ಅವರೆದುರೇ ನೆಲದ ಮೇಲೆ ಕುಳಿತು, ಕೈಯೂರದೆ ಎದ್ದು ತೋರಿಸಿದೆ. ಮುಂದಿನ ತಪಾಸಣೆಯಲ್ಲಿ ಅವರ ವೈದ್ಯರನ್ನೇ ಕೇಳಿಕೊಂಡು ಶುರು ಮಾಡಿ ಎಂದು ಹೇಳಿ ಬಂದೆ. ವೈದ್ಯರು ಒಪ್ಪಿದರಂತೆ.

ಆಮೇಲೆ ಆ ಹುಡುಗಿ ವಿಜ್ಞಾನದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೆರೆ ಎಳೆದು ದಿನಾಂಕ, ಮೊಟ್ಟೆ, ಕಾಳು, ಕುರ್ಚಿ, ನಡಿಗೆ ಎಂದು ಬರೆಯತೊಡಗಿದಳು. ಮೊದಲ ವಾರ ಕುರ್ಚಿಯ ಕೆಳಗೆ ಮೂರು, ಮೂರು, ಎರಡು. ನಾಲ್ಕನೇ ವಾರದಲ್ಲಿ ಒಂದು ದಿನ 'ಜ್ವರ, ಇಲ್ಲ'. ಪರೀಕ್ಷೆಯ ಹೊತ್ತಿಗೆ ಒಂಬತ್ತು. ನಡಿಗೆಯ ಕೆಳಗೆ 'ತೋಟದ ಮೋರಿವರೆಗೆ, ಕೂತು, ವಾಪಸ್'. ನೋಟ್‌ಬುಕ್ಕು ತಿದ್ದಲು ನನ್ನ ಮೇಜಿಗೆ ಬಂದಾಗ ಆ ಪುಟಕ್ಕೂ ಕೆಂಪು ಶಾಯಿಯಲ್ಲಿ ಸಹಿ ಹಾಕಿ ಕಳಿಸಿದೆ.